ನೃತ್ಯ ಸಮಾಲೋಚನೆ: ಬೇರೆ ದೇಶದ ಕಲಾವಿದರೊಂದಿಗೆ ಕೃತಿ ಕಟ್ಟುವಾಗ

ಪ್ರಶ್ನೆ: ಭರತನಾಟ್ಯ ಕಲಿತು ಈಗ ಕಂಟೆಂಪರರಿ ಮಾಡುತ್ತಿದ್ದೇನೆ. ಬೆಲ್ಜಿಯಂನ ಕಲಾವಿದೆಯೊಬ್ಬರ ಜೊತೆ ಅರ್ಧ ಗಂಟೆಯ ಯುಗಳ ನೃತ್ಯ ಕಟ್ಟುತ್ತಿದ್ದೇವೆ. ನನ್ನದು ಏಳು ಎಣಿಕೆಯ ಮಿಶ್ರ ಚಾಪು ತಾಳ, ಅವರದು ಎಂಟರ ಎಣಿಕೆ. ಆನ್‌ಲೈನ್ ಅಭ್ಯಾಸದಲ್ಲಿ ಒಮ್ಮೆಯೂ ಕೂಡಿಬರುತ್ತಿಲ್ಲ. ಎದುರುಬದುರು ಎಷ್ಟು ದಿನ ಬೇಕು?
— ಮೈಸೂರಿನ ಓದುಗರು

ಉತ್ತರ: ಆನ್‌ಲೈನ್‌ನಲ್ಲಿ ತಾಳ ಕೂಡಿಸುವ ಪ್ರಯತ್ನವನ್ನು ಮೊದಲು ಕೈಬಿಡಿ. ವಿಡಿಯೊ ಕರೆಯಲ್ಲಿ ದನಿ ತಡವಾಗಿ ತಲುಪುತ್ತದೆ, ಆ ತಡವೂ ಒಂದೇ ಸಮ ಇರುವುದಿಲ್ಲ. ಇಬ್ಬರೂ ಸರಿಯಾಗಿ ಹಾಕುತ್ತಿದ್ದರೂ ಇನ್ನೊಬ್ಬರು ಹಿಂದೆ ಬಿದ್ದಂತೆ ಕೇಳುತ್ತದೆ. ಒಂದೇ ಮೆಟ್ರೊನೋಮ್ (ಸಮವೇಗದಲ್ಲಿ ಟಿಕ್ ಟಿಕ್ ಎನ್ನುವ ಸಾಧನ) ಟ್ರ್ಯಾಕ್ ಇಟ್ಟುಕೊಂಡು ತಂತಮ್ಮ ಭಾಗವನ್ನು ಚಿತ್ರೀಕರಿಸಿ ಕಳಿಸಿಕೊಳ್ಳಿ.

ಏಳು ಮತ್ತು ಎಂಟು ಸೇರುವುದು 56 ಎಣಿಕೆ ಮುಗಿದಾಗ: ನಿಮ್ಮದು ಎಂಟು ಆವರ್ತ (ತಾಳದ ಪೂರ್ಣ ಸುತ್ತು), ಅವರದು ಏಳು. ಮಧ್ಯೆ ಎಲ್ಲಿಯೂ ಸೇರಿಸಲು ಹೋಗಬೇಡಿ. ಮೊದಲ ಎರಡು ದಿನ ಕುಣಿಯದೆ, ನೀವು ‘ತಕಿಟ ತಕಧಿಮಿ’ ಹೇಳಿ, ಅವರು ಎಂಟು ಎಣಿಸಲಿ. ಚಪ್ಪಾಳೆ 57ನೆಯದಕ್ಕೆ ಮಾತ್ರ. ಆಮೇಲೆ ಅದನ್ನೇ ನಡೆಯುತ್ತ ಹೇಳಿ. ನಿಮಿಷಕ್ಕೆ 60 ಎಣಿಕೆಯ ವೇಗದಲ್ಲಿ ನಿಂತ ಮೇಲೆ 80ಕ್ಕೆ ಏರಿಸಿ.

ಎಣಿಕೆ ಸರಿಯಿದ್ದರೂ ತಪ್ಪಿದಂತೆ ಕಾಣುವುದಕ್ಕೆ ಇನ್ನೊಂದು ಕಾರಣವಿದೆ, ಜಗಳಗಳು ಹೆಚ್ಚಾಗಿ ಹುಟ್ಟುವುದೂ ಅಲ್ಲಿಯೇ. ಭರತನಾಟ್ಯದ ಮೂಲ ಹೆಜ್ಜೆಯಾದ ಅಡವಿನಲ್ಲಿ ಕಾಲಿನ ತಟ್ಟು ತಾಳದ ಮೇಲೆಯೇ ಬೀಳಬೇಕು, ಅಂದರೆ ‘ಒಂದು’ ಎಂದಾಗ ನಿಮ್ಮ ಚಲನೆ ಬಂದು ಮುಟ್ಟಿರುತ್ತದೆ. ದೇಹದ ಭಾರವನ್ನು ಬಿಟ್ಟುಕೊಡುವ ಶೈಲಿಯಲ್ಲಿ ಪಳಗಿದವರು ಅನೇಕ ವೇಳೆ ‘ಒಂದು’ ಎಂದಾಗ ಹೊರಡುತ್ತಾರೆ. ಪ್ರತಿ ತುಣುಕಿಗೂ ‘ಒಂದು’ ಹೊರಡುವ ಜಾಗವೋ ಮುಟ್ಟುವ ಜಾಗವೋ ಎಂದು ನಿರ್ಧರಿಸಿ ಪುಸ್ತಕದಲ್ಲಿ ಬರೆದಿಡಿ.

ದಿನಗಳ ಲೆಕ್ಕಕ್ಕೆ ಬಂದರೆ, ಒಂದೇ ಸಭಾಂಗಣದಲ್ಲಿ ಮೂರು ವಾರಕ್ಕಿಂತ ಕಡಿಮೆ ಬೇಡ. ಐದು ದಿನದ ಕಮ್ಮಟದಿಂದ ಎದ್ದುಬರುವುದು ನಿಮ್ಮದೊಂದು ಅಡವು, ಅವರದೊಂದು ಉರುಳಾಟ ಎಂಬ ಸರದಿಯಷ್ಟೆ. ಅದನ್ನು ಸಹಯೋಗ ಎಂದು ನಾವು ಕರೆಯಲಾರೆವು. ಮೊದಲ ವಾರ ಬರೀ ಕಲಿಕೆಗಿರಲಿ. ಬೀಳುವುದು, ಉರುಳುವುದನ್ನು ನೀವು ದಿನಕ್ಕೆ ಅರ್ಧ ಗಂಟೆ ಮಾಡಿ, ಮಂಡಿಗೆ ಪ್ಯಾಡ್ ಇರಲಿ. ಅವರಿಗೆ ಅರಮಂಡಿ (ಮಂಡಿಗಳನ್ನು ಹೊರಕ್ಕೆ ಬಾಗಿಸಿ ಅರ್ಧ ಕೂತ ನಿಲುವು) ಹೇಳಿಕೊಡುವಾಗ ತಿರುವು ಸೊಂಟದ ಕೀಲಿನಿಂದ ಬರಲಿ. ಮಂಡಿ ಕಾಲ್ಬೆರಳಿನ ದಿಕ್ಕು ಬಿಟ್ಟು ಒಳಗೆ ಜಾರಿದರೆ ಅಷ್ಟು ಆಳ ಅವರಿಗೆ ಇನ್ನೂ ಸಲ್ಲದು.

2005ರ ಯುಗಳ ನೃತ್ಯ ‘ಝೀರೊ ಡಿಗ್ರೀಸ್’ ನೋಡಲು ಸಿಕ್ಕರೆ ಬಿಡಬೇಡಿ. ಕಥಕ್ ಹಿನ್ನೆಲೆಯ ಅಕ್ರಮ್ ಖಾನ್ ಮತ್ತು ಬೆಲ್ಜಿಯಂನ ಸಿದಿ ಲಾರ್ಬಿ ಶೆರ್ಕಾವಿ ಅಕ್ಕಪಕ್ಕ ಕೂತು ಒಂದೇ ಪ್ರಯಾಣದ ಕಥೆಯನ್ನು ಒಟ್ಟಿಗೆ ಹೇಳುತ್ತಾರೆ. ತಡವರಿಕೆ, ಕೈಸನ್ನೆ ಎಲ್ಲವೂ ಇಬ್ಬರದೂ ಒಂದೇ. ಪರಸ್ಪರರ ಶೈಲಿಗೆ ಕೈಹಾಕುವ ಮೊದಲು ಹೀಗೆ ಒಂದು ನಿಮಿಷದ ಮಾತನ್ನು ನಕಲು ಮಾಡಿನೋಡಿ. ಇನ್ನೊಬ್ಬರ ಉಸಿರು ಎಲ್ಲಿ ನಿಲ್ಲುತ್ತದೆಂದು ಆಗ ಮೈಗೆ ತಿಳಿಯುತ್ತದೆ.

ಪ್ರಶ್ನೆ: ಎರಡು ಶಾಸ್ತ್ರೀಯ ಪದ್ಧತಿಗಳನ್ನು ಸೇರಿಸಿದರೆ ಎರಡೂ ಕೆಡುವುದಿಲ್ಲವೇ?
— ಧಾರವಾಡದ ಓದುಗರು

ಉತ್ತರ: ಕೆಡಲೇಬೇಕೆಂದಿಲ್ಲ. ನಮ್ಮ ಹೆಸರಘಟ್ಟದ ನೃತ್ಯಗ್ರಾಮ ಮತ್ತು ಶ್ರೀಲಂಕಾದ ಚಿತ್ರಸೇನ ತಂಡ 2012ರಲ್ಲಿ ಕಟ್ಟಿದ ‘ಸಂಹಾರ’ದಲ್ಲಿ ಒಡಿಸ್ಸಿ ಒಡಿಸ್ಸಿಯಾಗಿಯೇ, ಕ್ಯಾಂಡಿ ನೃತ್ಯ ಕ್ಯಾಂಡಿಯಾಗಿಯೇ ಉಳಿದವು. ಮಂಡಿ ಬಾಗಿಸಿ ಅಗಲಕ್ಕೆ ನಿಲ್ಲುವ ನಿಲುವು ಎರಡರಲ್ಲೂ ಇದೆ; ಆದರೆ ಒಡಿಸ್ಸಿಯ ಎದೆಭಾಗ ಬಳುಕುತ್ತದೆ, ಕ್ಯಾಂಡಿಯಲ್ಲಿ ಜಿಗಿತ, ಗಿರಕಿ, ಚೆಂಡೆಯಂತೆ ಕಿವಿಗಪ್ಪಳಿಸುವ ‘ಗೆಟ ಬೆರ’ ಎಂಬ ಡೋಲಿನ ನಾದ. ಸಮಾನವಾದ ನಿಲುವಿನ ಮೇಲೆ ಬೇರೆ ಬೇರೆ ಮೈಮಾತು ಎದುರಾದಾಗ ವ್ಯತ್ಯಾಸವೇ ಸೊಗಸಾಗಿ ಕಂಡಿತು.

ಪ್ರಶ್ನೆ: ಕೃತಿ ಯಾರದು ಎಂಬ ತಕರಾರು ಬರದಂತೆ ಏನು ಮಾಡಬೇಕು?
— ಮಂಗಳೂರಿನ ಓದುಗರು

ಉತ್ತರ: ಅಭ್ಯಾಸ ಶುರುವಾಗುವ ಮೊದಲೇ ಎರಡು ಪುಟದ ಒಪ್ಪಂದ ಬರೆಯಿರಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ನೃತ್ಯ ಸಂಯೋಜನೆಯು ನಾಟಕ ಕೃತಿಯ ವ್ಯಾಖ್ಯೆಯೊಳಗೆ ಬರುತ್ತದೆ, ಆದರೆ ಅದು ಬರಹದಲ್ಲೋ ಬೇರೆ ರೀತಿಯಲ್ಲೋ ದಾಖಲಾಗಿರಬೇಕು. ಆ ವ್ಯಾಖ್ಯೆ ಸಿನಿಮಾ ಕೃತಿಯನ್ನು ಹೊರಗಿಡುತ್ತದೆ. ಆದ್ದರಿಂದ ವಿಡಿಯೊ ಒಂದನ್ನೇ ನಂಬದೆ, ಯಾವ ಎಣಿಕೆಗೆ ಯಾರು ಎಲ್ಲಿ ಎಂಬ ಬರಹದ ದಾಖಲೆ ಇಟ್ಟು ದಿನಾಂಕ ಹಾಕಿ ಇಬ್ಬರೂ ಸಹಿ ಮಾಡಿ. ಒಬ್ಬರು ಬಿಟ್ಟುಹೋದರೆ ಅವರ ಜಾಗಕ್ಕೆ ಬೇರೆಯವರನ್ನು ಹಾಕಬಹುದೇ, ಇಬ್ಬರೂ ತಮ್ಮ ಭಾಗವನ್ನು ಒಂಟಿಯಾಗಿ ಪ್ರದರ್ಶಿಸಬಹುದೇ, ತುಣುಕುಗಳನ್ನು ಜಾಲತಾಣದಲ್ಲಿ ಹಾಕಲು ಯಾರ ಒಪ್ಪಿಗೆ ಬೇಕು: ಈ ಮೂರಕ್ಕೆ ಉತ್ತರವಿಲ್ಲದ ಒಪ್ಪಂದ ಉಪಯೋಗಕ್ಕೆ ಬರುವುದಿಲ್ಲ. ಪೋಸ್ಟರಿನಲ್ಲಿ ‘ಪರಿಕಲ್ಪನೆ’ ಒಬ್ಬರ ಹೆಸರಲ್ಲಿ, ‘ನರ್ತನ’ ಇನ್ನೊಬ್ಬರ ಹೆಸರಲ್ಲಿ ಅಚ್ಚಾಗಿ ಮನಸ್ಸು ಮುರಿಯುವುದುಂಟು. ಹೆಸರುಗಳ ಸಾಲನ್ನು ಅಕ್ಷರಶಃ ಒಪ್ಪಂದದಲ್ಲೇ ಬರೆದುಬಿಡಿ.

ಪ್ರಶ್ನೆ: ಯುರೋಪಿನ ರಂಗಮಂದಿರಕ್ಕೆ ಮುಂಚಿತವಾಗಿ ಏನೇನು ತಿಳಿಸಬೇಕು?
— ಶಿವಮೊಗ್ಗದ ಓದುಗರು

ಉತ್ತರ: ನೆಲದ ವಿಷಯ ಮೊದಲು. ಅಲ್ಲಿ ಸಾಮಾನ್ಯವಾಗಿ ಪುಟಿಯುವ ಮರದ ನೆಲಕ್ಕೆ ವಿನೈಲ್ ಹಾಸಿರುತ್ತಾರೆ. ಮಂಡಿಗೆ ಹಿತ, ಆದರೆ ಬರಿಗಾಲಿನ ತಟ್ಟು ಮಂಕಾಗಿ ಕೇಳುತ್ತದೆ, ಬೆವರಿದರೆ ಪಾದ ಜಾರುತ್ತದೆ. ನೆಲಮಟ್ಟದ ಮೈಕ್ ಬೇಕೆಂದು ಪತ್ರದಲ್ಲೇ ಕೇಳಿ. ಗೆಜ್ಜೆ ಕಟ್ಟುವುದಿದ್ದರೆ ಅದನ್ನೂ ತಿಳಿಸಿ. ಕಳಚಿದ ಒಂದು ಗೆಜ್ಜೆ ಬರಿಗಾಲಿನ ಜೊತೆಗಾರರಿಗೆ ಗಾಯ ಮಾಡುತ್ತದೆ. ವಾದ್ಯ, ಪರಿಕರಗಳನ್ನು ಒಯ್ದು ವಾಪಸ್ ತರುವುದಾದರೆ ವಾಣಿಜ್ಯೋದ್ಯಮ ಒಕ್ಕೂಟವಾದ ಫಿಕ್ಕಿ ಮೂಲಕ ಸಿಗುವ ಎಟಿಎ ಕಾರ್ನೆ (ಸುಂಕವಿಲ್ಲದೆ ತಾತ್ಕಾಲಿಕವಾಗಿ ಒಯ್ಯಲು ಬೇಕಾದ ಸುಂಕದ ದಾಖಲೆ) ಪಡೆಯಿರಿ, ಅದರ ಅವಧಿ ಒಂದು ವರ್ಷ. ಯುರೋಪಿನ ಹಲವು ದೇಶಗಳು ಸೇರಿದ ಷೆಂಗೆನ್ ವಲಯದಲ್ಲಿ ಅಲ್ಪಾವಧಿ ವಾಸಕ್ಕೆ ಯಾವುದೇ 180 ದಿನಗಳಲ್ಲಿ 90 ದಿನಗಳ ಮಿತಿಯಿದೆ. ರೆಸಿಡೆನ್ಸಿ (ಅಲ್ಲೇ ಉಳಿದು ಕೃತಿ ಕಟ್ಟುವ ಅವಧಿ) ಮತ್ತು ಪ್ರವಾಸ ಎರಡೂ ಅದೇ ಲೆಕ್ಕಕ್ಕೆ ಸೇರುತ್ತವೆ. ಸಂಭಾವನೆಯ ಪ್ರದರ್ಶನಕ್ಕೆ ಯಾವ ವೀಸಾ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಅದನ್ನು ದೂತಾವಾಸದಿಂದ ಲಿಖಿತವಾಗಿ ಕೇಳಿ ಪಡೆದ ಮೇಲೆಯೇ ಟಿಕೆಟ್ ಮಾಡಿಸಿ.