ರಾಣಿ ನೈಟಿ ಹಾಕಿ ನಿಂತಿದ್ದಾಳಂತೆ!

ಪ್ರಶ್ನೆ: ಮಾಸ್ತರ್ರೇ, ಮಳೆಗಾಲಕ್ಕೆ ಮುಂಚೆ ಮೆತ್ತಿ ಗುಡಿಸುವಾಗ ಹಳೆ ಚಾಪೆಯಲ್ಲಿ ಸುತ್ತಿಟ್ಟ ಒಂದು ಫ್ರೇಮ್ ಸಿಕ್ಕಿತು. ಮಾವನವರ ಚಿಕ್ಕಪ್ಪ ಮುಂಬೈಯಲ್ಲಿ ಕೆಲಸಕ್ಕಿದ್ದರು, ಅವರು ತಂದದ್ದಂತೆ. ಬಿಳಿ ಬಟ್ಟೆಯ ಫಾರಿನ್ ಹೆಂಗಸು, ಗರಿ ಸಿಕ್ಕಿಸಿದ ಒಣಹುಲ್ಲಿನ ಟೋಪಿ, ಸೊಂಟಕ್ಕೆ ಹೊಂಬಣ್ಣದ ಪಟ್ಟಿ, ಕೈಯಲ್ಲಿ ಗುಲಾಬಿ. ಕೆಳಗೆ ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್ ಅಂತಲೂ, ವಿಜೇ ಲ ಬ್ರುನ್ ಅಂತಲೂ ಅಚ್ಚಾಗಿದೆ. ನೆಂಟರೊಬ್ಬರು ‘ಲಕ್ಷಗಟ್ಟಲೆ ಬಾಳುತ್ತದೆ’ ಅಂದರು. ನಮ್ಮ ಅತ್ತೆ ಮಾತ್ರ ‘ರಾಣಿಯಂತೆ! ನೈಟಿ ಹಾಕಿ ನಿಂತಿದ್ದಾಳೆ. ಜಗಲಿಗೆ ಬೇಡ’ ಅಂತಾರೆ. ಇದು ಅಸಲಿಯಾ? ಬರೆದವರು ಯಾರು? ಮೂಲೆಯಲ್ಲಿ ಬೂಷ್ಟು ಬಂದಿದೆ, ಏನು ಮಾಡಲಿ?
— ಓದುಗರೊಬ್ಬರು, ಶಿರಸಿ

ಉತ್ತರ: ತಂಗೀ, ಮೊದಲು ನಿಮ್ಮ ಅತ್ತೆಯವರಿಗೆ ನನ್ನದೊಂದು ನಮಸ್ಕಾರ ಹೇಳಿ. 1783ರಲ್ಲಿ ಪ್ಯಾರಿಸಿನ ಜನ ಈ ಚಿತ್ರದ ಮುಂದೆ ನಿಂತು ಏನಂದರೋ ಅದನ್ನೇ ಅವರು ಶಿರಸಿಯ ಜಗಲಿಯಲ್ಲಿ ಕೂತು ಅಂದಿದ್ದಾರೆ. ‘ರಾಣಿ ಒಳಬಟ್ಟೆಯಲ್ಲಿ ನಿಂತಿದ್ದಾಳೆ!’ ಅಂತ ಅಲ್ಲಿ ದೊಡ್ಡ ಗಲಾಟೆ ಆಯಿತು. ಚಿತ್ರವನ್ನು ಪ್ರದರ್ಶನದಿಂದ ಕೆಳಗಿಳಿಸಬೇಕಾಯಿತು.

ಅದು ಒಳಬಟ್ಟೆ ಅಲ್ಲ, ಮಸ್ಲಿನ್ ಗೌನು. ಅರಮನೆಯ ಬಿಗಿ ಪೋಷಾಕು ಸಾಕಾಗಿ, ತನ್ನ ತೋಟದ ಮನೆಯಲ್ಲಿ ಇರುವಾಗ ರಾಣಿ ಹಾಕಿಕೊಳ್ಳುತ್ತಿದ್ದ ಹಗುರ ಬಟ್ಟೆ. ಮೈಮೇಲೆ ಒಂದು ಒಡವೆ ಇಲ್ಲ ನೋಡಿ. ಜನರಿಗೆ ಅದೂ ಸಿಟ್ಟು ತರಿಸಿತು. ಲಿಯೋನ್ ಊರಿನ ನೇಕಾರರ ರೇಷ್ಮೆ ಬಿಟ್ಟು ಪರದೇಶದ ಹತ್ತಿ ಉಡುತ್ತಾಳೆ ಅನ್ನುವ ಮಾತೂ ಬಂತು. ಆ ಹತ್ತಿ ಯಾವ ಪರದೇಶದ್ದು? ಹೆಚ್ಚಿನದು ನಮ್ಮ ದೇಶದ್ದೇ. 17ನೇ ಶತಮಾನದಲ್ಲಿ ನಮ್ಮ ಕಾರವಾರದಲ್ಲಿ ಇಂಗ್ಲಿಷರ ವ್ಯಾಪಾರದ ಕೋಠಿ ಇತ್ತು. ಹುಬ್ಬಳ್ಳಿ ಕಡೆ ನೇಯ್ದ ನಯವಾದ ಮಸ್ಲಿನ್ ಘಟ್ಟ ಇಳಿದು ಬಂದು ಇಲ್ಲಿಂದ ಹಡಗು ಹತ್ತುತ್ತಿತ್ತು, ಕಾಳುಮೆಣಸಿನ ಜೊತೆಗೆ. ರಾಣಿಯ ಗೌನು ಕಾರವಾರದ್ದು ಅಂತ ನಾನು ಬಡಾಯಿ ಕೊಚ್ಚುವುದಿಲ್ಲ, ನಡುವೆ ನೂರು ವರ್ಷದ ಅಂತರ ಇದೆ. ಆದರೆ ಬಟ್ಟೆ ಪೂರ್ತಿ ಪರಕೀಯ ಅಲ್ಲ ಅಂತ ಅತ್ತೆಯವರಿಗೆ ಹೇಳಬಹುದು.

ಬರೆದವಳು ಹೆಂಗಸು. ಎಲಿಜಬೆತ್ ವಿಜೇ ಲ ಬ್ರುನ್, ರಾಣಿಯ ನೆಚ್ಚಿನ ಚಿತ್ರಗಾರ್ತಿ. ಇಬ್ಬರೂ ಹುಟ್ಟಿದ್ದು 1755ರಲ್ಲೇ. ಅಪ್ಪನೂ ಚಿತ್ರಗಾರ, ಮಗಳಿಗೆ 12 ವರ್ಷ ಆಗಿದ್ದಾಗ ತೀರಿಕೊಂಡ. ಹದಿವಯಸ್ಸಿನಲ್ಲೇ ಈ ಹುಡುಗಿ ಜನರ ಮುಖ ಬರೆದು ಮನೆ ನಡೆಸಿದಳು. 1778ರಲ್ಲಿ ಮೊದಲ ಸಲ ರಾಣಿಯ ಚಿತ್ರ ಬರೆದಳು. ಆಮೇಲೆ ಅರಮನೆಯ ಬಾಗಿಲು ಅವಳಿಗೆ ಮುಚ್ಚಲೇ ಇಲ್ಲ. ಆದರೆ ರಾಜರ ಚಿತ್ರಕಲಾ ಅಕಾಡೆಮಿ ಸೇರಿಸಿಕೊಳ್ಳಲು ತಕರಾರು ಮಾಡಿತು. ಗಂಡ ಚಿತ್ರದ ವ್ಯಾಪಾರಿ, ವ್ಯಾಪಾರದ ನಂಟು ಇದ್ದವರಿಗೆ ಜಾಗ ಇಲ್ಲ ಅಂತ ನೆಪ. ರಾಣಿ ಬಾಯಿ ಹಾಕಿದಳು, ರಾಜನ ಅಪ್ಪಣೆ ಬಂತು, 1783ರ ಮೇ 31ಕ್ಕೆ ಒಳಗೆ ಹೋದಳು. ಅಲ್ಲಿ ಒಂದು ಹೊತ್ತಿಗೆ ನಾಲ್ಕಕ್ಕಿಂತ ಜಾಸ್ತಿ ಹೆಂಗಸರು ಇರುವಂತಿಲ್ಲ ಅನ್ನುವ ಕಟ್ಟಳೆ ಬೇರೆ!

ಅವಳು ಮುದುಕಿಯಾದ ಮೇಲೆ ಬರೆದಿಟ್ಟ ನೆನಪೊಂದು ನನಗೆ ಬಹಳ ಇಷ್ಟ. ಬಸುರಿಯಾಗಿದ್ದಾಗ ಮೈ ಸರಿ ಇಲ್ಲದೆ ಒಂದು ದಿನ ಅರಮನೆಗೆ ಹೋಗಲಾಗಲಿಲ್ಲ. ಮಾರನೇ ದಿನ ಹೆದರುತ್ತಾ ಹೋದಳು. ರಾಣಿ ಹೊರಗೆ ಹೊರಟು ನಿಂತಿದ್ದವಳು ಗಾಡಿ ವಾಪಸ್ ಕಳಿಸಿ ಕೂತಳು. ಗಡಿಬಿಡಿಯಲ್ಲಿ ಇವಳ ಬಣ್ಣದ ಪೆಟ್ಟಿಗೆ ಬಿದ್ದು ಬ್ರಷ್ ಎಲ್ಲ ಚೆಲ್ಲಾಪಿಲ್ಲಿ. ಬಗ್ಗಲು ಹೋದವಳನ್ನು ತಡೆದು ರಾಣಿ ತಾನೇ ಬಗ್ಗಿ ಎಲ್ಲವನ್ನೂ ಹೆಕ್ಕಿದಳಂತೆ. ಮೂವತ್ತು ವರ್ಷ ಡ್ರಾಯಿಂಗ್ ಕ್ಲಾಸಿನಲ್ಲಿ ಬಿದ್ದ ಬ್ರಷ್ ಹೆಕ್ಕಿದವನು ನಾನು, ಅದಕ್ಕೇ ಇರಬೇಕು.

1789ರ ಅಕ್ಟೋಬರಿನಲ್ಲಿ ದಂಗೆಯ ಜನ ರಾಜ-ರಾಣಿಯನ್ನು ಪ್ಯಾರಿಸಿಗೆ ಎಳೆದು ತಂದ ರಾತ್ರಿ, ಇವಳು ಪುಟ್ಟ ಮಗಳನ್ನು ಕಟ್ಟಿಕೊಂಡು ಸಾರ್ವಜನಿಕ ಗಾಡಿ ಹತ್ತಿ ದೇಶ ಬಿಟ್ಟಳು. ಇಟಲಿ, ವಿಯೆನ್ನಾ, ರಷ್ಯಾ ಎಲ್ಲ ಕಡೆ ಬ್ರಷ್ ಹಿಡಿದೇ ಬದುಕಿದಳು. ರಾಣಿಯ ತಲೆ 1793ರಲ್ಲಿ ಹೋಯಿತು. (ಇದನ್ನು ಅತ್ತೆಯವರ ಹತ್ತಿರ ಈಗಲೇ ಹೇಳಬೇಡಿ.)

ಇನ್ನು ಲಕ್ಷದ ಮಾತು. ಮೂಲ ಚಿತ್ರ ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದ್ದು, ಜರ್ಮನಿಯಲ್ಲಿದೆ. ನಿಮ್ಮದು ಕಾಗದದ ಅಚ್ಚು. ಅಕ್ಕಸಾಲಿ ಹತ್ತಿರ ಇರುವ ಭೂತಗನ್ನಡಿ ತಂದು ಚಿತ್ರದ ರಾಣಿಯ ಕೆನ್ನೆ ಹತ್ತಿರ ಇಟ್ಟು ನೋಡಿ. ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕೆಗಳು ರಂಗೋಲಿ ಚುಕ್ಕಿಯ ಹಾಗೆ ಲೆಕ್ಕ ಹಾಕಿ ಕೂತಿದ್ದರೆ ಅದು ಮೆಶಿನ್ ಪ್ರಿಂಟ್. ಚುಕ್ಕೆ ಅಡ್ಡಾದಿಡ್ಡಿ, ಮರಳು ಚೆಲ್ಲಿದಂತೆ ಇದ್ದರೆ ಕಲ್ಲಚ್ಚಿನದು, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ಒತ್ತಿದ್ದು. ಆಗ ಸ್ವಲ್ಪ ಹಳೆಯದು, ಜೋಪಾನ ಮಾಡಿ. ನೀವು ಕಳಿಸಿದ ಫೋಟೊದಲ್ಲಿ ಬಣ್ಣ ಬಿರುಕು ಬಿಟ್ಟಂತೆ ಕಾಣುವುದು ಮೂಲದ ಬಿರುಕು, ಕಾಗದದ್ದಲ್ಲ. ಕೈಯಾಡಿಸಿದರೆ ನುಣ್ಣಗೆ ಇರುತ್ತದೆ. ನನ್ನ ಅಂದಾಜು ಕೇಳಿದರೆ, ಆ ಸಾಗವಾನಿ ಫ್ರೇಮಿಗೇ ಜಾಸ್ತಿ ಬೆಲೆ ಬಂದೀತು. ಬೇಜಾರು ಬೇಡ. ನಮ್ಮ ಜಗಲಿಗಳ ಲಕ್ಷ್ಮಿ, ಸರಸ್ವತಿಯೂ ಅಚ್ಚಿನ ಮನೆಯಿಂದಲೇ ಬಂದವರು. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕದಿದ್ದರೆ ಎಷ್ಟು ಮನೆಗೆ ಅವರು ಬರುತ್ತಿದ್ದರು?

ಬೂಷ್ಟಿಗೆ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಮೊದಲು ಒಣಗಬೇಕು. ಬಿಸಿಲಿಗೆ ಇಡಬೇಡಿ, ಗಾಳಿಯಾಡುವ ನೆರಳಲ್ಲಿ ಎರಡು ದಿನ ಬಿಡಿ. ಆಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅಂಗಳದಲ್ಲಿ ನಿಂತು ಮೆದು ಬ್ರಷ್ಷಿನಿಂದ ಹಗುರಾಗಿ ಹೊರಮುಖಕ್ಕೆ ಗುಡಿಸಿ. ಹಿಂದಿನ ಹಲಗೆ ತೆಗೆಸಿ. ಹಲಗೆಯ ಹುಳಿಯಿಂದಲೂ (ಆಮ್ಲ) ಕಾಗದ ಕಂದಾಗುತ್ತದೆ. ಹೊಸ ಫ್ರೇಮಿನಲ್ಲಿ ಗಾಜಿಗೂ ಕಾಗದಕ್ಕೂ ನಡುವೆ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟು) ಇರಲೇಬೇಕು. ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ಕಾರವಾರದ ಕೋಡಿಬಾಗದ ಮನೆಯಲ್ಲಿ ನನ್ನ ಇಷ್ಟದ ಪ್ರಿಂಟೊಂದನ್ನು ದುಡ್ಡು ಉಳಿಸಲು ಗಾಜಿಗೆ ಒತ್ತಿ ಕೂರಿಸಿದ್ದೆ. ಒಂದೇ ಮಳೆಗಾಲ. ಗಾಜು ಎತ್ತಿದರೆ ಮುಖ ಗಾಜಿನ ಜೊತೆ ಬಂತು, ಕಾಗದದಲ್ಲಿ ಬರೀ ಕುತ್ತಿಗೆ ಉಳಿಯಿತು. ಮಳೆ ಹೊಡೆಯುವ ಗೋಡೆಗೆ ತೂಗುಹಾಕಬೇಡಿ. ಫ್ರೇಮಿನ ಕೆಳಗಿನ ಎರಡು ಮೂಲೆಗೆ ಬಾಟಲಿ ಬಿರಡೆಯ ಚೂರು ಅಂಟಿಸಿದರೆ ಹಿಂದೆ ಗಾಳಿ ಓಡಾಡುತ್ತದೆ, ಒರಲೆ ಹತ್ತಿದರೂ ಬೇಗ ಕಣ್ಣಿಗೆ ಬೀಳುತ್ತದೆ.

ಅತ್ತೆಯವರ ತಕರಾರಿಗೂ ದಾರಿ ಇದೆ. ಆ ಗಲಾಟೆ ಆದ ಮೇಲೆ ಲ ಬ್ರುನ್ ಗಡಿಬಿಡಿಯಲ್ಲಿ ಇನ್ನೊಂದು ಚಿತ್ರ ಬರೆದಳು. ಅದೇ ನಿಲುವು, ಅದೇ ಗುಲಾಬಿ. ಬಟ್ಟೆ ಮಾತ್ರ ನೀಲಿ-ಬೂದು ರೇಷ್ಮೆ, ಕೊರಳಿಗೆ ಮುತ್ತು. ಅದು ವರ್ಸೇಯ್ಲ್ಸ್ ಅರಮನೆಯಲ್ಲಿದೆ, ಅದರ ಪ್ರಿಂಟೂ ಸಿಗುತ್ತದೆ. ರೇಷ್ಮೆಯವಳು ಜಗಲಿಗೆ, ಮಸ್ಲಿನ್‌ನವಳು ನಿಮ್ಮ ಕೋಣೆಗೆ.

ಪ್ರಶ್ನೆ: ಮಗಳು ಕ್ರೇಯಾನಿನಲ್ಲಿ ಬಿಡಿಸಿದ ಚಿತ್ರಗಳಿಗೆ ಲ್ಯಾಮಿನೇಶನ್ ಮಾಡಿಸಲಾ?
— ಇನ್ನೊಬ್ಬರು, ಅಂಕೋಲಾ

ಉತ್ತರ: ಬೇಡ. ಬಿಸಿಗೆ ಮೇಣ ಕರಗುತ್ತದೆ, ಒಮ್ಮೆ ಅಂಟಿದ ಪ್ಲಾಸ್ಟಿಕ್ ಬಿಡಿಸಲೂ ಬರುವುದಿಲ್ಲ. ಕಲರ್ ಜೆರಾಕ್ಸ್ ತೆಗೆಸಿ ಅದಕ್ಕೆ ಲ್ಯಾಮಿನೇಶನ್ ಮಾಡಿಸಿ. ಅಸಲಿಯನ್ನು ಫೈಲಿನಲ್ಲಿ ಹಾಕಿ ಕಬ್ಬಿಣದ ಕಪಾಟಿನ ಮೇಲಿನ ಖಾನೆಯಲ್ಲಿಡಿ. ಹಿಂದೆ ತಾರೀಖು ಬರೆಯಿರಿ, ಪೆನ್ಸಿಲಿನಲ್ಲಿ.