ಹಣ ಕೊಟ್ಟು ಪಡೆದ ಪಟ್ಟಿಗೆ ಇ-ಮೇಲ್ ಕಳುಹಿಸಲು ಬಿಡಬಹುದೇ?

ಪ್ರಶ್ನೆ: ಉಡುಪಿಯಲ್ಲಿ ಸಣ್ಣ ಪ್ರಮಾಣದ ಇಂಟರ್‌ನೆಟ್ ಸಂಪರ್ಕ ಸೇವೆ ನಡೆಸುತ್ತಿದ್ದೇನೆ. ಮಣಿಪಾಲದ ಗ್ರಾಹಕರೊಬ್ಬರು ತಾವು ಹಣ ಕೊಟ್ಟು ಪಡೆದ ವಿಳಾಸಪಟ್ಟಿಗೆ ಜಾಹೀರಾತಿನ ಇ-ಮೇಲ್‌ಗಳನ್ನು ಕಳುಹಿಸಲು ಅನುಮತಿ ಕೇಳುತ್ತಿದ್ದಾರೆ. ಹೆಚ್ಚಿನ ಶುಲ್ಕಕ್ಕೂ ಸಿದ್ಧರಿದ್ದಾರೆ. ಒಪ್ಪಬಹುದೇ?
– ಓದುಗರೊಬ್ಬರು, ಉಡುಪಿ

ಉತ್ತರ: ದಯವಿಟ್ಟು ಒಪ್ಪಬೇಡಿ. ಆ ಪಟ್ಟಿಯಲ್ಲಿರುವವರು ನಿಮ್ಮ ಗ್ರಾಹಕರಿಗೆ ಸಮ್ಮತಿ ನೀಡಿಲ್ಲ ಎಂಬುದೊಂದೇ ಸಾಕಷ್ಟು ಬಲವಾದ ಕಾರಣ. ಅದರ ಮೇಲೆ, ದೂರುಗಳು ಹೆಚ್ಚಿದಂತೆ, ಬೇಡದ ಸಾಮೂಹಿಕ ಇ-ಮೇಲ್ ಕಳುಹಿಸುವವರ ಮೇಲೆ ಕಣ್ಣಿಡುವ ಸ್ಪ್ಯಾಮ್‌ಹೌಸ್‌ನಂತಹ ಸಂಸ್ಥೆಗಳು ಆ ಗ್ರಾಹಕರ ಐಪಿ ವಿಳಾಸವನ್ನಷ್ಟೇ (ಇಂಟರ್‌ನೆಟ್‌ನಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಅಲ್ಲದೆ, ಕೆಲವೊಮ್ಮೆ ನಿಮ್ಮ ಸೇವೆಯ ಇತರ ವಿಳಾಸಗಳನ್ನೂ ತಡೆಪಟ್ಟಿಗೆ ಸೇರಿಸುತ್ತವೆ. ಆ ಪಟ್ಟಿಯನ್ನು ನೋಡುವ ಇ-ಮೇಲ್ ಸೇವೆಗಳು ಆ ವಿಳಾಸಗಳಿಂದ ಬಂದದ್ದನ್ನು ತಿರಸ್ಕರಿಸುತ್ತವೆ. ಆಗ ಮಲ್ಪೆಯ ಮೀನು ವ್ಯಾಪಾರಿ ಕಳುಹಿಸಿದ ಬಿಲ್ಲೂ, ಯಾವ ತಪ್ಪನ್ನೂ ಮಾಡದ ಸಹಕಾರ ಸಂಘದ ಪತ್ರವೂ ತಲುಪಬೇಕಾದಲ್ಲಿಗೆ ತಲುಪದೆ ಹೋಗಬಹುದು. ಒಬ್ಬರ ಹೆಚ್ಚುವರಿ ಶುಲ್ಕಕ್ಕಾಗಿ ಉಳಿದವರನ್ನು ಈ ಸ್ಥಿತಿಗೆ ತಳ್ಳುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಾವಳಿಯು ವಾಣಿಜ್ಯ ಕರೆ ಮತ್ತು ಎಸ್ಎಂಎಸ್‌ಗಳಿಗೆ ಸಂಬಂಧಿಸಿದ್ದೇ ಹೊರತು ಇ-ಮೇಲ್‌ಗೆ ಅಲ್ಲ. ಆದುದರಿಂದ ನಿಮ್ಮ ಗ್ರಾಹಕ ಒಪ್ಪಂದವೇ ಗಟ್ಟಿಯಾಗಿರಬೇಕು: ಸಮ್ಮತಿಯಿಲ್ಲದ ಸಾಮೂಹಿಕ ಇ-ಮೇಲ್ ನಿಷಿದ್ಧವೆಂದೂ, ಎಚ್ಚರಿಕೆಯ ನಂತರವೂ ಮುಂದುವರಿದರೆ ಸಂಪರ್ಕ ಕಡಿತಗೊಳಿಸಲಾಗುವುದೆಂದೂ ಅದರಲ್ಲಿ ಸ್ಪಷ್ಟವಾಗಿ ಬರೆಸಿ. ಮನೆಗಳ ಸಂಪರ್ಕಗಳಲ್ಲಿ, ಇ-ಮೇಲ್ ಸರ್ವರ್‌ಗಳು ಪರಸ್ಪರ ಇ-ಮೇಲ್ ರವಾನಿಸಲು ಬಳಸುವ 25ನೇ ಪೋರ್ಟನ್ನು (ಸಂಖ್ಯೆಯಿಂದ ಗುರುತಿಸುವ ಸಂಪರ್ಕ ದ್ವಾರ) ಮುಚ್ಚಿಡಿ. ಸಾಮಾನ್ಯ ಬಳಕೆದಾರರು ಪಾಸ್‌ವರ್ಡ್ ನೀಡಿ 587ನೇ ಪೋರ್ಟಿನ ಮೂಲಕ ಕಳುಹಿಸಬಹುದಾದ್ದರಿಂದ ಅವರಿಗೆ ತೊಂದರೆಯಾಗದು.

ಆದರೆ ದೂರು ಬಂದೊಡನೆ ಸಂಪರ್ಕ ಕಡಿಯಬೇಡಿ. ವೈರಸ್ ತಗುಲಿದ ಕಂಪ್ಯೂಟರ್ ಮಾಲೀಕರಿಗೆ ತಿಳಿಯದಂತೆಯೇ ಇಂತಹ ಇ-ಮೇಲ್‌ಗಳನ್ನು ಕಳುಹಿಸುತ್ತಿರುವುದುಂಟು. ಮೊದಲು ಫೋನ್ ಮಾಡಿ ವಿಚಾರಿಸಿ.