ಒಳ್ಳೆ ಜಾಗದಲ್ಲಿ ದೊಡ್ಡ ಬಂದರು ಇದ್ದರೆ ದೇಶ ಲಾಜಿಸ್ಟಿಕ್ಸ್ ಹಬ್ ಆಗಿಬಿಡುತ್ತಾ?

ಸಿಂಗಾಪುರದ ಎದುರಿಗೇ ಹಡಗುಗಳ ದಾರಿ ಇದೆ, ಅದಕ್ಕೇ ಅದು ಮೇಲೆ ಬಂತು. ನಾವೂ ಅಂಥ ಜಾಗದಲ್ಲಿ ಒಂದು ದೊಡ್ಡ ಬಂದರು ಕಟ್ಟಿದರೆ ಸಾಕಲ್ವಾ ಅಂತ ಕೇಳಿದ್ದೀರಿ. ಸಾಲದು ಅಂತ ನನ್ನ ಅನುಭವ ಹೇಳುತ್ತದೆ. ನಾನು ಬೆಂಗಳೂರಿನ ಒಂದು ಫಾರ್ವರ್ಡಿಂಗ್ ಕಂಪನಿಯಲ್ಲಿ (ಬೇರೆಯವರ ಮಾಲನ್ನು ಹಡಗಿಗೆ ಹತ್ತಿಸಿ ಕಳಿಸುವ ಕಂಪನಿ) ರಫ್ತಿನ ಕಾಗದಪತ್ರ ನೋಡಿಕೊಳ್ಳುತ್ತೇನೆ. ಸಿಂಗಾಪುರಕ್ಕೆ ಹೋಗಿದ್ದು ಒಂದೇ ಸಲ, ಅದೂ ಮನೆಯವರ ಜೊತೆ ಟೂರಿಗೆ. ಆದರೆ ನಾವು ಕಳಿಸಿದ ಕಂಟೇನರ್‌ಗಳು ಮಾತ್ರ ವಾರ ವಾರವೂ ಅಲ್ಲಿ ಇಳಿದು ಹತ್ತುತ್ತವೆ.

ಒಂದು ಕಂಟೇನರಿನ ಕಥೆ ಹೇಳುತ್ತೇನೆ. ಪೀಣ್ಯದ ಒಂದು ಪಾರ್ಟಿ ಇಂಡೊನೇಷ್ಯಾದ ಸುರಬಯಕ್ಕೆ ಮೆಷಿನ್ ಬಿಡಿಭಾಗ ಕಳಿಸಬೇಕಿತ್ತು. ಲಾರಿ ಬೆಂಗಳೂರು ಬಿಟ್ಟಿತು. ಬಂದರಿನಲ್ಲಿ ಕಟ್-ಆಫ್ ಅಂತ ಒಂದು ಗಡುವು ಇರುತ್ತದೆ. ಅಷ್ಟರೊಳಗೆ ಪೆಟ್ಟಿಗೆ ಗೇಟಿನ ಒಳಗಿರಬೇಕು, ಇಲ್ಲದಿದ್ದರೆ ಹಡಗು ಕಾಯುವುದಿಲ್ಲ. ಕಟ್-ಆಫ್‌ಗೆ ಹತ್ತು ಗಂಟೆ ಮುಂಚೆ ಡ್ರೈವರ್ ಫೋನ್ ಮಾಡಿದ. ‘ಸಾರ್, ಬಂದರಿನ ರೋಡಲ್ಲಿ ಕ್ಯೂ ನಿಂತಿದೆ, ಗಾಡಿ ಅಲ್ಲಾಡ್ತಾ ಇಲ್ಲ.’ ಮತ್ತೆ ರಾತ್ರಿ ಫೋನ್ ಮಾಡಿದಾಗ ಲಾರಿ ಪಕ್ಕದಲ್ಲೇ ಸ್ಟೌ ಹಚ್ಚಿ ಅನ್ನಕ್ಕಿಟ್ಟಿದ್ದ. ಅಲ್ಲಿಗೆ ನನಗೆ ಅರ್ಥ ಆಯಿತು. ಹಡಗು ಹೋಯಿತು. ಮುಂದಿನದು ಒಂದು ವಾರದ ಮೇಲೆ. ಯಾವ ಬಂದರು ಅಂತ ಬೇಡ ಬಿಡಿ.

ಕೊನೆಗೂ ಪೆಟ್ಟಿಗೆ ಹೊರಟಿತು. ಈ ಸಲ ಹಡಗೇ ತಡವಾಗಿ ಸಿಂಗಾಪುರ ತಲುಪಿತು. ಅಲ್ಲಿಂದ ಸುರಬಯಕ್ಕೆ ಹಿಡಿಯಬೇಕಿದ್ದ ಹಡಗು ಆಗಲೇ ಬಿಟ್ಟಾಗಿತ್ತು. ಇನ್ನೊಂದು ವಾರ ಹೋಯಿತು ಅಂತ ಪಾರ್ಟಿಗೆ ಕ್ಷಮೆ ಕೇಳುವ ಮೇಲ್ ಬರೆದಿಟ್ಟೆ. ಕಳಿಸುವ ಮುಂಚೆ ಸುಮ್ನೆ ಒಮ್ಮೆ ಟ್ರ್ಯಾಕಿಂಗ್ ತೆಗೆದು ನೋಡಿದರೆ, ಎರಡೇ ದಿನದಲ್ಲಿ ಪೆಟ್ಟಿಗೆ ಬೇರೆ ಹಡಗು ಹತ್ತಿದೆ! ಮೇಲ್ ಡ್ರಾಫ್ಟಿನಲ್ಲೇ ಉಳಿಯಿತು.

ತಪ್ಪಿದ್ದು ಎರಡೂ ಕಡೆ ಹಡಗೇ. ಒಂದು ಕಡೆ ವಾರ ಕಳೆಯಿತು, ಇನ್ನೊಂದು ಕಡೆ ಎರಡು ದಿನ. ಮೆಜೆಸ್ಟಿಕ್‌ನಲ್ಲಿ ಬಸ್ ತಪ್ಪಿದರೆ ಹಿಂದೆಯೇ ಇನ್ನೊಂದು ಬರುತ್ತದೆ. ನಮ್ಮೂರ ಕ್ರಾಸಿನಲ್ಲಿ ತಪ್ಪಿದರೆ ಸಂಜೆವರೆಗೆ ಮೈಲಿಗಲ್ಲಿನ ಮೇಲೆ ಕೂರಬೇಕು. ಹಬ್ ಅಂದರೆ ಮೆಜೆಸ್ಟಿಕ್.

ಸಿಂಗಾಪುರದಿಂದ ಸುಮಾರು 600 ಬಂದರುಗಳಿಗೆ ಹಡಗು ಸಂಪರ್ಕ ಇದೆ. 2024ರಲ್ಲಿ ಅಲ್ಲಿ 4.1 ಕೋಟಿಗೂ ಜಾಸ್ತಿ ಕಂಟೇನರ್ ಎತ್ತಿಳಿಸಿದರು (ಇಪ್ಪತ್ತು ಅಡಿ ಪೆಟ್ಟಿಗೆಯ ಲೆಕ್ಕದಲ್ಲಿ). ಇದರಲ್ಲಿ ಬಹುಪಾಲು ಆ ದೇಶದ ಸರಕೇ ಅಲ್ಲ. ನಮ್ಮ ಪೀಣ್ಯದ ಪೆಟ್ಟಿಗೆಯ ಹಾಗೆ ಒಂದು ಹಡಗಿನಿಂದ ಇಳಿದು ಇನ್ನೊಂದನ್ನು ಹತ್ತುವ ಮಾಲು. ಬೆಂಗಳೂರು ನಗರದಷ್ಟು ಅಗಲದ ದೇಶ ಅದು. ಕುಡಿಯುವ ನೀರಿನಲ್ಲೂ ಒಂದು ಪಾಲು ಮಲೇಷ್ಯಾದಿಂದ ಬರಬೇಕು.

ಜಾಗ ಲೆಕ್ಕಕ್ಕಿಲ್ಲ ಅಂತ ನಾನು ಹೇಳುತ್ತಿಲ್ಲ. ಚೀನಾ, ಜಪಾನ್ ಕಡೆಯಿಂದ ಯುರೋಪಿಗೆ ಹೋಗುವ ಹಡಗುಗಳು ಹೆಚ್ಚಾಗಿ ಮಲಾಕಾ ಜಲಸಂಧಿ ಹಾದೇ ಹೋಗುತ್ತವೆ. ಅದರ ಬಾಯಲ್ಲಿ ಕೂತಿರುವುದು ದೊಡ್ಡ ಅದೃಷ್ಟವೇ. ಆದರೆ ಅದೇ ಅದೃಷ್ಟ ಪಕ್ಕದ ಮಲೇಷ್ಯಾಕ್ಕೂ ಇದೆಯಲ್ಲ? 2000ನೇ ಇಸವಿಯಲ್ಲಿ ಆಗಿದ್ದೂ ಅದೇ. ಮೆರ್ಸ್ಕ್ ಅನ್ನುವ ದೊಡ್ಡ ಹಡಗು ಕಂಪನಿ ಸಿಂಗಾಪುರ ಬಿಟ್ಟು ಎದುರಿಗಿದ್ದ ಮಲೇಷ್ಯಾದ ತಂಜುಂಗ್ ಪೆಲೆಪಾಸ್ ಬಂದರಿಗೆ ಹೋಯಿತು. ಅಲ್ಲಿ ದರ ಕಮ್ಮಿ, ಜೊತೆಗೆ ಬಂದರಿನಲ್ಲೇ ಪಾಲು ಸಿಕ್ಕಿತು. ಎರಡು ವರ್ಷದ ಮೇಲೆ ಎವರ್‌ಗ್ರೀನ್ ಕಂಪನಿಯೂ ಅದೇ ದಾರಿ ಹಿಡಿಯಿತು. ಭೂಪಟದಲ್ಲಿ ಸಿಂಗಾಪುರ ಇದ್ದಲ್ಲೇ ಇತ್ತು, ಗಿರಾಕಿ ಎದ್ದು ಹೋಗಿದ್ದ. ಆಮೇಲೆ ಸಿಂಗಾಪುರದವರು ಬಿಗುಮಾನ ಬಿಟ್ಟು ದರ ಇಳಿಸಿದರು. ಹಡಗು ಕಂಪನಿಗಳನ್ನು ಟರ್ಮಿನಲ್‌ನಲ್ಲಿ ಪಾಲುದಾರರನ್ನಾಗಿ ಸೇರಿಸಿಕೊಳ್ಳಲು ಶುರು ಮಾಡಿದರು. 2003ರಲ್ಲಿ ಚೀನಾದ ಕಾಸ್ಕೊ ಹಾಗೆ ಬಂತು.

ಹಾಗಾದರೆ ಮೊದಲು ಜನ ಅಲ್ಲಿಗೆ ಬಂದಿದ್ದು ಯಾಕೆ? 1819ರಲ್ಲಿ ಬ್ರಿಟಿಷರು ಅಲ್ಲಿ ಕಾಲಿಟ್ಟಾಗಲೇ ಸುಂಕ ಇಲ್ಲದ ಬಂದರು ಮಾಡಿದರು. ಅಕ್ಕಪಕ್ಕದ ಡಚ್ಚರ ಬಂದರುಗಳಲ್ಲಿ ಸುಂಕ ಕಟ್ಟಬೇಕಿದ್ದ ವ್ಯಾಪಾರಿಗಳು ಇಲ್ಲಿಗೆ ತಿರುಗಿದರು. ಅಲ್ಲಿಂದ ನೇರ 1972ಕ್ಕೆ ಬನ್ನಿ. ಆಗ ಕಂಟೇನರ್ ಅನ್ನುವುದೇ ಈ ಕಡೆಗೆ ಹೊಸದು. ಕಂಟೇನರ್ ಹಡಗು ಬಂದೇ ಬರುತ್ತದೆ ಅನ್ನುವ ಖಾತ್ರಿ ಇಲ್ಲದೆ ಸಿಂಗಾಪುರದವರು ಸಾಲ ಮಾಡಿ ತಂಜೊಂಗ್ ಪಗಾರ್‌ನಲ್ಲಿ ಕಂಟೇನರ್ ಬರ್ತ್ (ಹಡಗು ನಿಲ್ಲುವ ಕಟ್ಟೆ) ಕಟ್ಟಿದರು. ಜೂನ್ 23ಕ್ಕೆ ‘ನಿಹೋನ್’ ಅನ್ನುವ ಹಡಗು ಸುಮಾರು 300 ಪೆಟ್ಟಿಗೆ ಹೊತ್ತು ಬಂತು. ಆಗ್ನೇಯ ಏಷ್ಯಾದಲ್ಲಿ ಬೇರೆ ಯಾರೂ ತಯಾರಿರಲಿಲ್ಲ.

ನನ್ನಂಥವರಿಗೆ ಹೊಟ್ಟೆ ಉರಿಯುವುದು ಮಾತ್ರ 1989ರ ಸುದ್ದಿಗೆ. ಆ ವರ್ಷ ಅವರು ಟ್ರೇಡ್‌ನೆಟ್ ಶುರು ಮಾಡಿದರು. ಕಂಪ್ಯೂಟರಿನಲ್ಲಿ ಒಂದೇ ಅರ್ಜಿ ತುಂಬಿದರೆ ಸಾಕು. ಕಸ್ಟಮ್ಸಿಗೂ ಉಳಿದ ಇಲಾಖೆಗಳಿಗೂ ಅದೇ ಹೋಗುತ್ತದೆ. ದಿನಗಟ್ಟಲೆ ಹಿಡಿಯುತ್ತಿದ್ದ ಪರ್ಮಿಟ್ ಹತ್ತಿಪ್ಪತ್ತು ನಿಮಿಷಕ್ಕೆ ಬಂತು. ಅದೇ ಹೊತ್ತಿಗೆ ನಮ್ಮ ಹಿರಿಯರೊಬ್ಬರು ಟೈಪ್‌ರೈಟರಿಗೆ ಕಾರ್ಬನ್ ಪೇಪರ್ ಸಿಕ್ಕಿಸಿ ಶಿಪ್ಪಿಂಗ್ ಬಿಲ್, ಅಂದರೆ ರಫ್ತಿಗೆ ಕಸ್ಟಮ್ಸಿಗೆ ಕೊಡುವ ಅರ್ಜಿ, ಹೊಡೆಯುತ್ತಿದ್ದರಂತೆ. ಐದನೇ ಕಾಪಿ ಯಾರಿಗೂ ಓದಲು ಬರುತ್ತಿರಲಿಲ್ಲ, ಆದರೂ ಅದರ ಮೇಲೆ ಸೀಲು ಬೀಳಲೇಬೇಕಿತ್ತು! ಈಗ ನಮ್ಮಲ್ಲೂ ಎಲ್ಲ ಆನ್‌ಲೈನ್ ಆಗಿದೆ, ಅದನ್ನು ಒಪ್ಪಬೇಕು. ಆದರೂ ಇನ್ವಾಯ್ಸ್‌ನಲ್ಲಿ ಒಂದು ಅಂಕಿ ತಪ್ಪಾದರೆ ತಿದ್ದಿಸಲು ಎಷ್ಟು ಹೊತ್ತು ಬೇಕು ಅಂತ ಪಾರ್ಟಿ ಕೇಳಿದಾಗ ನಾನು ‘ನೋಡೋಣ ಸಾರ್’ ಅನ್ನುತ್ತೇನೆ. ಆ ‘ನೋಡೋಣ’ಕ್ಕೂ ದುಡ್ಡಿದೆ. ಮಾಲು ಹೇಳಿದ ದಿನಕ್ಕೆ ಬರುತ್ತದೆ ಅನ್ನುವ ನಂಬಿಕೆ ಇಲ್ಲದ ಫ್ಯಾಕ್ಟರಿಯವನು ಹದಿನೈದು ದಿನದ ಮಾಲು ಜಾಸ್ತಿ ತರಿಸಿ ಗೋಡೌನ್‌ನಲ್ಲಿ ಇಟ್ಟುಕೊಳ್ಳುತ್ತಾನೆ. ಬಂಡವಾಳ ಅಲ್ಲೇ ಕೊಳೆಯುತ್ತದೆ.

ಹಡಗಿಗೂ ಬಂದರಿನಲ್ಲಿ ನೂರೆಂಟು ಕೆಲಸ ಇರುತ್ತದೆ. ಎಣ್ಣೆ ತುಂಬಿಸಬೇಕು, ರಿಪೇರಿ ಮಾಡಿಸಬೇಕು, ನಾವಿಕರನ್ನು ಬದಲಿಸಬೇಕು. ಹಡಗಿನ ಎಣ್ಣೆ ಮಾರುವುದರಲ್ಲಿ ಜಗತ್ತಿಗೇ ಸಿಂಗಾಪುರ ಮೊದಲು, 2024ರಲ್ಲಿ 5 ಕೋಟಿ ಟನ್ನಿಗೂ ಜಾಸ್ತಿ ಮಾರಿದೆ.

ಸಿಂಗಾಪುರದವರಿಗೂ ತಿಣುಕಾಟ ತಪ್ಪಿದ್ದಲ್ಲ. ಕೆಂಪು ಸಮುದ್ರದ ಗಲಾಟೆಯಿಂದ (ಅಲ್ಲಿ ಹಡಗುಗಳ ಮೇಲೆ ದಾಳಿ ನಡೆಯುತ್ತಿತ್ತು) ಹಡಗುಗಳು ಆಫ್ರಿಕಾ ಸುತ್ತಿ ಬರಲು ಶುರು ಮಾಡಿದ ಮೇಲೆ ವೇಳಾಪಟ್ಟಿಯೆಲ್ಲ ಕೆಟ್ಟಿತು. 2024ರ ಮಧ್ಯದಲ್ಲಿ ಸಿಂಗಾಪುರದ ಹೊರಗೆ ಹಡಗುಗಳು ಎರಡು ಮೂರು ದಿನ ಕಾದವು. ಕೆಲಸ ನಿಲ್ಲಿಸಿದ್ದ ಕೆಪೆಲ್‌ನ ಹಳೇ ಬರ್ತ್‌ಗಳನ್ನು ಅವರು ಆಗ ಮತ್ತೆ ತೆರೆದರು. ಎಲ್ಲ ಕೆಲಸ ತುವಾಸ್‌ನ ಹೊಸ ಬಂದರಿಗೆ ಹೋಗುತ್ತಿದ್ದರೂ ಹಳೆಯದನ್ನು ಪೂರ್ತಿ ಕಿತ್ತು ಹಾಕಿರಲಿಲ್ಲ. ಅವರ ಬಗ್ಗೆ ನನಗೆ ಗೌರವ ಹೆಚ್ಚಿದ್ದು ಅವತ್ತು.

ಇನ್ನು ನಮ್ಮ ಕಡೆ. ಕೇರಳದ ವಿಳಿಂಜಂ ಬಂದರು 2025ರ ಮೇ 2ರಂದು ಅಧಿಕೃತವಾಗಿ ಉದ್ಘಾಟನೆ ಆಯಿತು. ಆಳವಾದ ಸಮುದ್ರ, ಹಡಗುಗಳ ದಾರಿ ಸುಮಾರು ಹತ್ತು ನಾಟಿಕಲ್ ಮೈಲಿ ದೂರ. ಇಷ್ಟು ದಿನ ಕೊಲಂಬೊದಲ್ಲೋ ಸಿಂಗಾಪುರದಲ್ಲೋ ಹಡಗು ಬದಲಿಸುತ್ತಿದ್ದ ನಮ್ಮ ಮಾಲಿಗೆ ಒಳ್ಳೆಯದೇ. ನಿಮ್ಮ ಪ್ರಶ್ನೆಯ ‘ಒಳ್ಳೆ ಜಾಗ, ದೊಡ್ಡ ಬಂದರು’ ಎರಡೂ ಅಲ್ಲಿವೆ. ಇನ್ನು ಬೇಕಿರುವುದು ರೈಲು, ರಸ್ತೆ, ಆಮೇಲೆ ಸಣ್ಣ ಬಂದರುಗಳಿಗೆ ಪದೇ ಪದೇ ಓಡಾಡುವ ಫೀಡರ್ ಹಡಗುಗಳು. ಕರ್ನಾಟಕದ್ದೇ ನೋಡಿ. ಮಂಗಳೂರಿನಿಂದ ಕಾಫಿ ಹೊರಡುತ್ತದೆ, ಆದರೆ ಜೋರು ಮಳೆಗೆ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಹಾಸನದ ಕಡೆಯ ಲಾರಿ ಸುತ್ತು ಹಾಕಬೇಕು. ಸಮುದ್ರ ಎಷ್ಟು ಆಳ ಇದ್ದರೇನು?

ಪೀಣ್ಯದ ಅದೇ ಪಾರ್ಟಿ ಮೊನ್ನೆ ಫೋನ್ ಮಾಡಿ, ‘ಏನ್ರೀ, ವಿಳಿಂಜಂ ಮೇಲೆ ಕಳಿಸಬಹುದಾ?’ ಅಂದರು. ಹಡಗು ತಪ್ಪಿದರೆ ಮುಂದಿನದು ಯಾವಾಗ ಅಂತ ವಿಚಾರಿಸುತ್ತಿದ್ದೇನೆ.